ಕಾದಂಬರಿ, ಚಲನಚಿತ್ರ, ಮರುಚಿತ್ರ: ಒಂದು ವಿವೇಚನೆ

ಕಾದಂಬರಿಯನ್ನು ಕುರಿತು ಪ್ರಶ್ನೆ ಕೇಳಿದರೆ ಚಲನಚಿತ್ರದ ಕಥೆಯನ್ನು ಉತ್ತರವಾಗಿ ಬರೆದಿಡುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ಭಾಷಾಧ್ಯಾಪಕರಿಗೆ ಇದು ಹೊಸತೇನಲ್ಲ. ಅಂತಹವರ ಅಂಕ ಕಳೆಯುವುದು ಸುಲಭ. ಆದರೆ ಪುಸ್ತಕದ ಕಥೆಯೂ ತೆರೆಯ ಕಥೆಯೂ ಎಲ್ಲಿ ಬೇರೆಯಾದುವು, ಏಕೆ ಬೇರೆಯಾದುವು ಎಂಬುದನ್ನು ಅವರಿಗೆ ತಿಳಿಸಿಕೊಡುವ ಹೊಣೆ ನಮ್ಮ ಮೇಲಿದೆ. ಒಂದು ಭಾಷೆಯ ಚಿತ್ರವನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ತೆಗೆದಾಗಲಂತೂ ಈ ವಿಚಾರ ಇನ್ನಷ್ಟು ಜಟಿಲವಾಗುತ್ತದೆ. ಇದರ ಪರಿಶೀಲನೆಗೆ ಗಂಡಸಿಯ ನಾವು ಬಹು ದೂರ ಹೋಗಬೇಕಾಗಿಲ್ಲ. ಉತ್ತರಕ್ಕೆ ಚಿತ್ರದುರ್ಗದ ಕಲ್ಲಿನ ಕೋಟೆಯಿದೆ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಎಸ್. ಎಲ್. ಭೈರಪ್ಪನವರು ಹುಟ್ಟಿದ ಸಂತೇಶಿವರವಿದೆ. ಎರಡೂ ಕಡೆಯ ಕಥೆಗಳು ತೆರೆಯನ್ನೇರಿವೆ, ಗಡಿಯನ್ನೂ ದಾಟಿವೆ.

ಮೊದಲು 'ನಾಗರಹಾವು' ಚಿತ್ರವನ್ನು ತೆಗೆದುಕೊಳ್ಳೋಣ. ೧೯೭೨ರ ಕೊನೆಯಲ್ಲಿ ತೆರೆಕಂಡ, ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರಕ್ಕೆ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳು ಆಧಾರ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರು ಪುಸ್ತಕಗಳ ಬದುಕನ್ನು ಒಂದು ಚಿತ್ರದ ಅವಧಿಯೊಳಗೆ ಅಡಕಗೊಳಿಸಬೇಕಾದಾಗ ಅಳಿಸಿಹೋಗುವುದು ಘಟನೆಗಳು ಮಾತ್ರವಲ್ಲ; ಘಟನೆಗಳ ನಡುವಣ ಕಾಲವೂ ಅಳಿಯುತ್ತದೆ. ರಾಮಾಚಾರಿಯ ಕೋಪ ಕಾದಂಬರಿಯಲ್ಲಿ ಪುಟಪುಟವಾಗಿ ಬೆಳೆಯಬಲ್ಲದು. ತೆರೆಯ ಮೇಲೆ ಅದು ಒಂದು ನೋಟದಲ್ಲಿ, ಒಂದು ನಡಿಗೆಯಲ್ಲಿ ಕಾಣಬೇಕು. ತಾವು ಬರೆದ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತ.ರಾ.ಸು. ಅವರು ಅಸಮಾಧಾನಪಟ್ಟ ಸಂಗತಿ ನಾಡಿಗೆಲ್ಲ ತಿಳಿದುದೇ. ಲೇಖಕನ ಈ ನೋವನ್ನು ನಾವು ಗೌರವಿಸಬೇಕು. ಆದರೂ ಚಿತ್ರ ಸೋತಿತೆಂದು ಹೇಳಲಾರೆವು. ಕೆ. ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ನೆನೆಯದ ಅಧ್ಯಾಪಕ ಕನ್ನಡ ನಾಡಿನಲ್ಲಿ ವಿರಳ. ಗುರುವಿನ ಮಾತಿಗೆ ಕಟ್ಟುಬಿದ್ದು ಶಿಷ್ಯ ಅಲಮೇಲುವನ್ನು ತೊರೆಯುತ್ತಾನೆ. ಆ ತ್ಯಾಗದ ಫಲವಾಗಿ ಆಕೆಯ ಬಾಳು ಹಾಳಾದುದನ್ನು ಮುಂದೆ ತಾನೇ ಕಾಣುತ್ತಾನೆ. ಶಿಷ್ಯನ ಬಾಳಿನ ಮೇಲೆ ಗುರುವಿಗೆ ಎಷ್ಟು ಅಧಿಕಾರವುಂಟು? ಈ ಪ್ರಶ್ನೆಯನ್ನು ಚಿತ್ರ ನಮ್ಮ ಮುಂದಿಟ್ಟಿತು, ಸುಲಭದ ಉತ್ತರ ಕೊಡಲಿಲ್ಲ.

ಈ ಕಥೆ ೧೯೭೪ರಲ್ಲಿ ಮೂರು ಭಾಷೆಗಳಿಗೆ ಹೋಯಿತು. ತೆಲುಗಿನಲ್ಲಿ 'ಕೋಡೆನಾಗು', ತಮಿಳಿನಲ್ಲಿ 'ರಾಜನಾಗಂ', ಹಿಂದಿಯಲ್ಲಿ 'ಜಹರೀಲಾ ಇನ್ಸಾನ್'. ಇವುಗಳಲ್ಲಿ ಹಿಂದಿಯ ಪ್ರಕರಣ ವಿಶೇಷ ವಿಚಾರಾರ್ಹ. ನಿರ್ದೇಶಕರು ಪುಟ್ಟಣ್ಣನವರೇ, ಚಿತ್ರೀಕರಣ ನಡೆದುದೂ ಚಿತ್ರದುರ್ಗದಲ್ಲಿಯೇ, ನಾಯಕ ರಿಷಿ ಕಪೂರ್. ಆದಾಗ್ಯೂ ಚಿತ್ರ ನೆಲೆಯೂರಲಿಲ್ಲ. ನಿರ್ದೇಶಕನಿಗೆ ಮೂಲ ತಿಳಿಯದು ಎಂಬ ಸಾಮಾನ್ಯ ಆಕ್ಷೇಪಣೆ ಇಲ್ಲಿ ಸಲ್ಲದು. ಹಾಗಾದರೆ ಕೊರತೆ ಎಲ್ಲಿ?

ಹೆಸರಿನಿಂದಲೇ ಆರಂಭಿಸಬಹುದು. ನಾಗರಹಾವಿಗೆ ನಾವು ಅಂಜುತ್ತೇವೆ, ಪಂಚಮಿಯ ದಿನ ಹಾಲನ್ನೂ ಎರೆಯುತ್ತೇವೆ. ಕೆಣಕಿದರೆ ಕಚ್ಚುವ, ಕೆಣಕದಿದ್ದರೆ ತನ್ನ ಪಾಡಿಗೆ ಹರಿದುಹೋಗುವ, ಭಯ ಭಕ್ತಿಗಳೆರಡಕ್ಕೂ ಪಾತ್ರವಾದ ಜೀವಿ ಅದು. ರಾಮಾಚಾರಿಯ ಸ್ವಭಾವವೆಲ್ಲ ಆ ಒಂದು ಪದದಲ್ಲಿ ಅಡಗಿದೆ. 'ಜಹರೀಲಾ ಇನ್ಸಾನ್' ಎಂದರೆ ವಿಷಭರಿತ ಮನುಷ್ಯ. ವಿಷ ಉಳಿಯಿತು, ಪೂಜೆ ಹೋಯಿತು. ಎರಡನೆಯದು ಮುಖ. ವಿಷ್ಣುವರ್ಧನರು ನಾಯಕಪಾತ್ರಕ್ಕೆ ಹೊಸಬರಾಗಿದ್ದುದರಿಂದ ಪ್ರೇಕ್ಷಕರು ಅವರಲ್ಲಿ ರಾಮಾಚಾರಿಯನ್ನು ಬಿಟ್ಟು ಬೇರಾರನ್ನೂ ಕಾಣಲಿಲ್ಲ. ರಿಷಿ ಕಪೂರರಾದರೋ ೧೯೭೩ರ 'ಬಾಬಿ' ಚಿತ್ರದ ಪ್ರಣಯಿಯಾಗಿ ಆಗಲೇ ಮನೆಮಾತಾಗಿದ್ದವರು; ನಾಯಕನ ರೋಷಕ್ಕಿಂತ ಮೊದಲೇ ಆ ಮುಗುಳ್ನಗೆ ನೋಡುಗನ ಮನಸ್ಸಿನಲ್ಲಿತ್ತು. ಇನ್ನು ರಾಮಾಚಾರಿ, ಅಲಮೇಲು, ಮಾರ್ಗರೆಟ್ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮವನಿಗೆ ಮೂರು ಮನೆಗಳು, ಅವುಗಳ ಆಚಾರ, ನಡುವಣ ಗೋಡೆಗಳು ಹೊಳೆಯುತ್ತವೆ, ಯಾರೂ ವಿವರಿಸಬೇಕಾಗಿಲ್ಲ. ಓಬವ್ವನ ಪ್ರಸಂಗವೂ ಹಾಗೆಯೇ. ಜಯಂತಿಯವರು ಒನಕೆ ಹಿಡಿದು ನಿಂತೊಡನೆ ಕನ್ನಡಿಗನಿಗೆ ಅದು ಕಿಂಡಿಯ ಬಳಿಯ ಓಬವ್ವ. ಲಕ್ನೋದ ಪ್ರೇಕ್ಷಕನಿಗೆ ಅದೇ ಬಂಡೆ ಬರಿಯ ಬಂಡೆ. ಕೋಟೆಯನ್ನು ಛಾಯಾಗ್ರಾಹಕ ಹಿಡಿಯಬಲ್ಲ. ಕೋಟೆಯ ನೆನಪನ್ನು ಹಿಡಿಯುವ ಯಂತ್ರವಿನ್ನೂ ಬಂದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಅದೇ ಲೇಖಕರಿಂದ ದೊರೆಯುತ್ತದೆ. ತ.ರಾ.ಸು. ಅವರ 'ಹಂಸಗೀತೆ'ಯ ಭೈರವಿ ವೆಂಕಟಸುಬ್ಬಯ್ಯ ದುರ್ಗದ ಗಾಯಕ. ಅರಸನ ಮುಂದೆ ಹಾಡುವುದಕ್ಕಿಂತ ನಾಲಗೆಯನ್ನು ಕತ್ತರಿಸಿಕೊಳ್ಳುವುದೇ ಮೇಲೆಂದು ಬಗೆದವನು. ಈ ಕಾದಂಬರಿಯ ಆಧಾರದ ಮೇಲೆ ೧೯೫೬ರಲ್ಲಿ ಹಿಂದಿಯ 'ಬಸಂತ್ ಬಹಾರ್' ಬಂದಿತು. ಅದನ್ನು ತೆಗೆದವರು ದುರ್ಗವನ್ನು ಉಳಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ. ಕರ್ನಾಟಕ ಸಂಗೀತವನ್ನು ಬಿಟ್ಟು ಹಿಂದೂಸ್ಥಾನಿಯನ್ನು ತಂದರು. ಶಂಕರ್-ಜೈಕಿಶನ್ನರ ಸಂಗೀತದಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಸ್ಪರ್ಧೆಯ ಗೀತೆಯನ್ನು ಹಾಡಿದರು. ಹಾಡುಗಳು ಇಂದಿಗೂ ಜನಪ್ರಿಯ. ಸಂಗೀತಗಾರನ ಹೆಸರನ್ನು ಹಾಗೆಯೇ ಉಳಿಸಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ನಮ್ಮ ಭೈರವಿಯೇ ಬೇರೆ, ಉತ್ತರಾದಿಯ ಭೈರವಿಯೇ ಬೇರೆ. ಅವರ ಭೈರವಿಯ ಸ್ವರಗಳು ನಮ್ಮ ತೋಡಿಗೆ ಹತ್ತಿರ. ಒಂದೇ ಹೆಸರು, ಎರಡು ರಾಗ: ಮರುಚಿತ್ರ ತೆಗೆಯುವವರು ಎಡವುವುದು ಇಂತಹ ಕಡೆಗಳಲ್ಲಿಯೇ. ೧೯೭೫ರಲ್ಲಿ ಜಿ. ವಿ. ಅಯ್ಯರ್ ಅವರು 'ಹಂಸಗೀತೆ'ಯನ್ನು ಕನ್ನಡದಲ್ಲಿ ತೆಗೆದಾಗ ಬಾಲಮುರಳೀಕೃಷ್ಣರ ಕಂಠದಲ್ಲಿ ಅದು ಮರಳಿ ತನ್ನ ಸಂಗೀತವನ್ನು ಪಡೆಯಿತು. ಆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಎರಡು ಚಿತ್ರಗಳಲ್ಲಿ ಒಂದನ್ನು ಆರಿಸೆಂದರೆ ನಾನು ಅಯ್ಯರ್ ಅವರದನ್ನೇ ಆರಿಸುತ್ತೇನೆ. ಆದರೂ ಬೇರೆ ನೆಲದಲ್ಲಿ ಬೇರೆ ಮರವನ್ನೇ ಬೆಳೆಸಿದ 'ಬಸಂತ್ ಬಹಾರ್', ಮರವನ್ನು ಬೇರು ಸಹಿತ ಹೊತ್ತೊಯ್ಯಲು ಹೋದ 'ಜಹರೀಲಾ ಇನ್ಸಾನ್'ಗಿಂತ ಹೆಚ್ಚು ಫಲ ಕೊಟ್ಟಿತೆಂಬುದನ್ನು ಒಪ್ಪಬೇಕಾಗುತ್ತದೆ.

ಇನ್ನು ನಮ್ಮ ಜಿಲ್ಲೆಯ ಭೈರಪ್ಪನವರ ಕೃತಿಗಳು. 'ವಂಶವೃಕ್ಷ'ವನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕನ್ನಡದಲ್ಲಿಯೂ, ೧೯೮೦ರಲ್ಲಿ ಬಾಪು ಅವರು ತೆಲುಗಿನಲ್ಲಿಯೂ ತೆರೆಗೆ ತಂದರು. ತನ್ನ ಜನ್ಮದ ಸತ್ಯವನ್ನರಿತ ಶ್ರೀನಿವಾಸ ಶ್ರೋತ್ರಿಗಳ ಒಳತೋಟಿಯನ್ನು ಕಾದಂಬರಿ ಬಿಡಿಸಿಡುವ ಪರಿಯನ್ನು ಯಾವ ಚಿತ್ರವೂ ಪೂರ್ತಿಯಾಗಿ ತೋರಿಸಲಾರದೆಂಬುದಷ್ಟೇ ಇಲ್ಲಿ ಸಾಕು.

ಶಾಲೆಗೆ ಹೆಚ್ಚು ಹತ್ತಿರವಾದುದು 'ತಬ್ಬಲಿಯು ನೀನಾದೆ ಮಗನೆ'. ೧೯೬೮ರ ಈ ಕಾದಂಬರಿಯಲ್ಲಿ ಅಮೆರಿಕದಲ್ಲಿ ಓದಿ, ಅಲ್ಲಿಯ ಹೆಣ್ಣನ್ನು ಮದುವೆಯಾಗಿ ಹಳ್ಳಿಗೆ ಮರಳಿದ ಕಾಳಿಂಗನಿದ್ದಾನೆ. ಹಸುವನ್ನು ತಾಯಿಯೆನ್ನುವ ಊರಿಗೂ ಅದನ್ನು ಸಾಕಣೆಯ ಪ್ರಾಣಿಯೆನ್ನುವ ದೃಷ್ಟಿಗೂ ನಡೆಯುವ ಸಂಘರ್ಷವಿದೆ. ೧೯೭೭ರಲ್ಲಿ ಇದು ಕನ್ನಡ, ಹಿಂದಿ ಎರಡರಲ್ಲಿಯೂ ಚಿತ್ರವಾಯಿತು. ಹಿಂದಿಯ ಹೆಸರು 'ಗೋಧೂಳಿ'. ಹಸುಗಳು ಮನೆಗೆ ಮರಳುವ ಸಂಜೆಯನ್ನು ಸೂಚಿಸುವ ಈ ಪದವನ್ನು ಆರಿಸಿದವರು ಜಾಣರೇ. ಆದರೆ ಕನ್ನಡದ ಹೆಸರು ಗೋವಿನ ಹಾಡಿನಿಂದ ಬಂದುದು. ಹುಲಿಗೆ ಮಾತುಕೊಟ್ಟು ಬಂದ ಪುಣ್ಯಕೋಟಿ ಕರುವಿಗೆ ಆಡಿದ ನುಡಿ. ಕಾಳಿಂಗನೆಂಬುದೂ ಆ ಹಾಡಿನ ಗೊಲ್ಲನ ಹೆಸರೇ. ಪ್ರಾಥಮಿಕ ತರಗತಿಯಲ್ಲಿ ಗಂಟಲು ಬಿಗಿದುಕೊಂಡು ಆ ಹಾಡನ್ನು ಹಾಡಿದವನಿಗೆ ಪುಸ್ತಕದ ಹೊದಿಕೆಯನ್ನು ನೋಡಿದಾಗಲೇ ಅರ್ಧ ಕಥೆ ತಿಳಿದಿರುತ್ತದೆ.

ಪ್ರೌಢಶಾಲೆಯ ಅಧ್ಯಾಪಕರು ಈ ಮೂರನ್ನೂ ಒಂದೇ ವಾರದಲ್ಲಿ ವಿದ್ಯಾರ್ಥಿಗಳ ಮುಂದಿಡಬಹುದು: ಮೊದಲ ದಿನ ಹಾಡು, ಅನಂತರ ಕಾದಂಬರಿಯ ಆಯ್ದ ಅಧ್ಯಾಯ, ಕೊನೆಗೆ ಚಿತ್ರ. ಬಳಿಕ ಒಂದೇ ಪ್ರಶ್ನೆ ಕೇಳಲಿ: ಗೋವಿನ ಹಾಡನ್ನು ಕೇಳದ ಊರಿನವನಿಗೆ ಈ ಕಥೆಯನ್ನು ಹೇಳಬೇಕಾದರೆ ಯಾವ ಹೆಸರಿಡುವಿರಿ?