250 ಎಂದು ಬರೆದ ಕಪ್ಪು

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಾದಿನಿ ಅಲ್ಲಿನ ಬೆಣ್ಣೆ ಕೇಕಿನ ಅಳತೆ ಬರೆದು ಕಳಿಸಿದ್ದಾಳೆ. ಮೈದಾ 250 ಗ್ರಾಂ, ಸಕ್ಕರೆ 200, ಬೆಣ್ಣೆ 200, ಮೊಟ್ಟೆ 4, ಬೇಕಿಂಗ್ ಪೌಡರ್ ಅರ್ಧ ಪೊಟ್ಟಣ. ಮನೆಯಲ್ಲಿ ತಕ್ಕಡಿ ಇಲ್ಲ. ನನ್ನ ಕಪ್ಪಿನ ಮೇಲೆ 250 ಎಂದಿದೆ, ಹಾಗಾಗಿ ಮೈದಾ ಒಂದು ಕಪ್ ಹಾಕಿದೆ. ಕೇಕು ನಡುವೆ ಕುಸಿದು, ತಳವೆಲ್ಲ ಜಿಡ್ಡಾಯಿತು. ‘ನಿನ್ನ ಕೈಗೆ ಹತ್ತದ್ದು ಯಾಕಮ್ಮ’ ಅಂತಾರೆ ಅತ್ತೆ. ಮಗಳ ಹುಟ್ಟುಹಬ್ಬಕ್ಕೆ ಮೂರೇ ವಾರ ಇದೆ, ಧೈರ್ಯವೇ ಬರುತ್ತಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಕೈಯಲ್ಲಿ ಏನೂ ದೋಷವಿಲ್ಲ. ಕಪ್ಪಿನ ಮೇಲಿರುವ 250 ಮಿಲಿಲೀಟರು, ಗ್ರಾಂ ಅಲ್ಲ. ಒಂದು ಸೇರು ಅಕ್ಕಿಯೂ ಒಂದು ಸೇರು ಅವಲಕ್ಕಿಯೂ ಒಂದೇ ತೂಕ ತೂಗುವುದಿಲ್ಲವಲ್ಲ, ಹಾಗೆ. ಆ ಕಪ್ಪಿನಲ್ಲಿ ಸಕ್ಕರೆ ಸುಮಾರು 210 ಗ್ರಾಂ ಹಿಡಿಯುತ್ತದೆ, ಬೆಣ್ಣೆ 235ರ ಆಸುಪಾಸು. ಮೈದಾ ಮಾತ್ರ 130. ಅಂದರೆ ಬೆಣ್ಣೆ, ಸಕ್ಕರೆ ಹೆಚ್ಚುಕಡಿಮೆ ಸರಿಯಾಗಿಯೇ ಬಿದ್ದವು, ಹಿಟ್ಟು ಅರ್ಧವಾಯಿತು. ಅಷ್ಟು ಬೆಣ್ಣೆಯನ್ನು ಹಿಡಿದು ನಿಲ್ಲಿಸಲು ಹಿಟ್ಟೇ ಸಾಲದೆ ಕೇಕು ಕುಸಿಯಿತು.

ಹಾಗಾದರೆ ಮೈದಾ ಎರಡು ಕಪ್ ಹಾಕಿದರಾಯಿತೇ? ಹೇಗೆ ತುಂಬುತ್ತೀರಿ ಎಂಬುದರ ಮೇಲಿದೆ. ಚಮಚದಿಂದ ಹಗುರಾಗಿ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿದರೆ 130. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ದಾಟಬಹುದು. ಎರಡು ಕಪ್ಪಿಗೆ 40 ಗ್ರಾಂ ವ್ಯತ್ಯಾಸ, ಕೇಕು ಒಣಗಲು ಅದು ಸಾಕು. ಪರಿವರ್ತನೆಯ ಪಟ್ಟಿಗಳನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ. ಜೊತೆಗೆ ಅಮೆರಿಕದ ಕಪ್ಪು 240 ಮಿಲಿಲೀಟರಿನ ಆಸುಪಾಸು, ಆಸ್ಟ್ರೇಲಿಯಾದ್ದು 250. ಪಟ್ಟಿ ಯಾವ ಕಪ್ಪಿಗೆ ಬರೆದದ್ದೋ!

ನಿಮ್ಮ ಕಪ್ಪಿಗೆ ನೀವೇ ಪಟ್ಟಿ ಮಾಡಿಕೊಳ್ಳಿ. ಮೊದಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಕಪ್ಪಿಗೆ ಸುರಿಯಿರಿ. ಸರಿಯಾಗಿ ಎರಡು ಕಪ್ ಆದರೆ ಅದು 250ರದ್ದು, ಪ್ಯಾಕೆಟ್ಟಿನಲ್ಲಿ ಸ್ವಲ್ಪ ಉಳಿದರೆ 240ರದ್ದು. ಆಮೇಲೆ ಕಿರಾಣಿ ಅಂಗಡಿಯಲ್ಲಿ ಕಾಲು ಕೆಜಿ ಮೈದಾ, ಕಾಲು ಕೆಜಿ ಸಕ್ಕರೆ ತೂಗಿಸಿ ತನ್ನಿ. ಆ ಮೈದಾ ಪೂರ್ತಿ ನಿಮ್ಮ ಕೇಕಿನದೇ ಅಳತೆ! ಚಮಚದಿಂದ ಕಪ್ಪಿಗೆ ತುಂಬಿ ಎಷ್ಟಾಯಿತೆಂದು ನೋಡಿ, ಕಪಾಟಿನ ಬಾಗಿಲ ಒಳಗೆ ಬರೆದಂಟಿಸಿ. ಜರಡಿ ಹಿಡಿಯುವುದು ಅಳೆದ ಮೇಲೆ. ಜರಡಿ ಹಿಡಿದ ಹಿಟ್ಟು ಉಬ್ಬಿ, ಕಪ್ಪಿಗೆ ಇನ್ನೂ ಕಡಿಮೆ ಹಿಡಿಯುತ್ತದೆ.

ಬೆಣ್ಣೆಯನ್ನು ಕಪ್ಪಿಗೆ ಒತ್ತಿ ತುಂಬುವ ಗೋಜೇ ಬೇಡ, 100 ಗ್ರಾಮಿನ ಎರಡು ಪ್ಯಾಕೆಟ್ ತನ್ನಿ. ನಿಮ್ಮೂರಿನ ಬಿಡಿ ಬೆಣ್ಣೆ ದೋಸೆಗೆ ಅಮೃತ, ಆದರೆ ಅದರ ನೀರಿನಂಶ ಒಂದೊಂದು ಸಲ ಒಂದೊಂದು ಥರ. ಜರ್ಮನಿಯ ಬೇಕಿಂಗ್ ಪೌಡರ್ ಪೊಟ್ಟಣ ಅರ್ಧ ಕೆಜಿ ಹಿಟ್ಟಿಗೆಂದು ಮಾಡಿದ್ದು, ಅದರ ಅರ್ಧವೆಂದರೆ ನಮ್ಮ ಎರಡು ಟೀ ಚಮಚಕ್ಕೆ ತುಸು ಕಡಿಮೆ. ಮುಂದೆ ತಕ್ಕಡಿ ಕೊಂಡರೂ ಇದನ್ನು ಚಮಚದಲ್ಲೇ ಅಳೆಯಿರಿ, ಅಡುಗೆಮನೆಯ ತಕ್ಕಡಿಗಳು ನಾಲ್ಕೈದು ಗ್ರಾಮನ್ನು ಸರಿಯಾಗಿ ತೋರಿಸುವುದು ಕಷ್ಟ.

ಮೂರು ವಾರ ಧಾರಾಳವಾಯಿತು. ಈ ಭಾನುವಾರ ಅರ್ಧ ಅಳತೆಯಲ್ಲಿ, ಎರಡೇ ಮೊಟ್ಟೆ ಹಾಕಿ ಮಾಡಿ. ಸಣ್ಣ ಪಾತ್ರೆಯಲ್ಲಿ ಬೇಗ ಬೇಯುತ್ತದೆ, ಅರ್ಧ ಗಂಟೆಯ ಹೊತ್ತಿಗೆ ಕಡ್ಡಿ ಚುಚ್ಚಿ ನೋಡಿ.