ತ್ರಿಲೋಚನನೂ ಮಯೂರಶರ್ಮನೂ: ಕದಂಬ ಮೂಲದ ಕಥೆ ಮತ್ತು ಶಾಸನ

ವಾಸ್ಕೋದ ಮಂಗೋರ್ ಹಿಲ್‌ನ ಕನ್ನಡ ಮನೆಗಳ ಮಕ್ಕಳು ದಿನವೂ ಕಾಣುವ ಗೋವೆಯ ಸರ್ಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂಬ ಹೆಸರಿದೆ. ಆ ವಂಶದ ಮೂಲಪುರುಷನ ಬಗ್ಗೆ ಎರಡು ವೃತ್ತಾಂತಗಳುಂಟು. ಎರಡೂ ಶಾಸನಗಳಲ್ಲಿಯೇ ಇವೆ. ಕಲ್ಲಿನ ಮೇಲಿರುವುದೆಲ್ಲ ಚರಿತ್ರೆಯೆಂದು ನಂಬುವವರು ಇಲ್ಲಿ ತುಸು ನಿಲ್ಲಬೇಕು.

ಗೋವೆಯ ಕದಂಬರ 12ನೆಯ ಶತಮಾನದ ಶಾಸನಗಳು ಹೇಳುವ ಕಥೆ ಇದು: ತ್ರಿಪುರಸಂಹಾರ ಮಾಡಿದ ಶಿವನ ಹಣೆಯ ಬೆವರ ಹನಿ ಕದಂಬವೃಕ್ಷದ ಬುಡದಲ್ಲಿ ಬಿದ್ದು, ಅದರಿಂದ ಮುಕ್ಕಣ್ಣನೂ ಚತುರ್ಭುಜನೂ ಆದ ವೀರನೊಬ್ಬ ಹುಟ್ಟಿದ. ಅವನೇ ಜಯಂತ, ಅಥವಾ ತ್ರಿಲೋಚನ ಕದಂಬ. ರಾಣಿ ಕಮಲಾದೇವಿ ದೇಗುಲ ಕಟ್ಟಿಸಿದ ದೇಗಾಂವಿಯ ಶಾಸನದಲ್ಲಿಯೂ ಈ ವಂಶಾವಳಿಯೇ ಇದೆ.

ಇದಕ್ಕಿಂತ ಸುಮಾರು ಏಳು ನೂರು ವರ್ಷ ಹಿಂದಿನದು ತಾಳಗುಂದದ ಸ್ತಂಭಶಾಸನ. ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಕಾವ್ಯದಲ್ಲಿ ಬೆವರೂ ಇಲ್ಲ, ಮೂರನೆಯ ಕಣ್ಣೂ ಇಲ್ಲ. ಮಾನವ್ಯಗೋತ್ರದ ಬ್ರಾಹ್ಮಣ ಕುಟುಂಬವೊಂದು ಮನೆಯ ಬಳಿಯ ಕದಂಬ ಮರವನ್ನು ಜತನದಿಂದ ಸಾಕಿತು. ಮರದ ಹೆಸರೇ ಮನೆತನದ ಹೆಸರಾಯಿತು. ಆ ಮನೆಯ ಮಯೂರಶರ್ಮ ಗುರು ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಯಿತು. ದರ್ಭೆ ಹಿಡಿದಿದ್ದ ಕೈ ಖಡ್ಗ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ ಅವನನ್ನು ಕೊನೆಗೆ ಪಲ್ಲವರೇ ಅರಸನೆಂದು ಒಪ್ಪಿಕೊಳ್ಳಬೇಕಾಯಿತು. ದೇವುಡು ಅವರ ಕಾದಂಬರಿಯನ್ನೂ 1975ರ ‘ಮಯೂರ’ ಚಲನಚಿತ್ರವನ್ನೂ ಬಲ್ಲವರಿಗೆ ಇದು ಅಪರಿಚಿತವಲ್ಲ.

ಕಾಲ ಸರಿದಂತೆ ಅರಸ ಬೆಳೆಯುತ್ತಾನೆ. ಕುಬ್ಜ ಹೇಳದ ಹದಿನೆಂಟು ಅಶ್ವಮೇಧಗಳನ್ನು ನಂತರದ ಶಾಸನಗಳು ಮಯೂರನಿಗೆ ಕಟ್ಟುತ್ತವೆ. ಬ್ರಿಟನ್ನಿನ ಆರ್ಥರ್ ದೊರೆಯದೂ ಇದೇ ಬಗೆ: 6ನೆಯ ಶತಮಾನದ ಗಿಲ್ಡಾಸ್ ಅವನ ಹೆಸರನ್ನೇ ಎತ್ತುವುದಿಲ್ಲ, 9ನೆಯ ಶತಮಾನದ ಗ್ರಂಥದಲ್ಲಿ ಅವನು ಹನ್ನೆರಡು ಯುದ್ಧ ಗೆದ್ದ ಸೇನಾನಿ, 12ನೆಯ ಶತಮಾನದ ಜೆಫ್ರಿಯಲ್ಲಿ ರೋಮಿನ ಮೇಲೆ ದಂಡೆತ್ತುವ ಮಹಾರಾಜ. ವ್ಯತ್ಯಾಸವೆಂದರೆ, ಆರ್ಥರನ ಕಥೆಯನ್ನು ಒರೆಗೆ ಹಚ್ಚಲು ಅಲ್ಲಿ ತಾಳಗುಂದವಿಲ್ಲ.

ಹಾಗೆಂದು ತ್ರಿಲೋಚನನ ಕಥೆಯನ್ನು ಬರಿಯ ಸುಳ್ಳೆಂದು ಬದಿಗಿಡುವುದು ಅವಸರದ ತೀರ್ಮಾನ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಗೋವೆಯ ಕದಂಬರಿಗೆ ಶಿಷ್ಯನ ಜಗಳಕ್ಕಿಂತ ಶಿವನ ಬೆವರು ಹೆಚ್ಚು ಉಪಯುಕ್ತ ಪೂರ್ವಜನನ್ನು ಕೊಟ್ಟಿತು. ಮರಾಠಿ ಬಖರುಗಳನ್ನು ಓದಿದವರಿಗೆ ಇಂಥ ವಂಶಪ್ರೌಢಿ ಹೊಸತಲ್ಲ. ಕುಬ್ಜನೂ ಆಸ್ಥಾನಕವಿಯೇ, ಮಯೂರನ ತರುವಾಯ ಸುಮಾರು ನೂರು ವರ್ಷಕ್ಕೆ ಬರೆದವನು. ಕಾಂಚಿಯ ಅವಮಾನ ಅಷ್ಟು ನಾಟಕೀಯವಾಗಿಯೇ ನಡೆಯಿತೆನ್ನಲು ಬೇರೆ ಸಾಕ್ಷಿಯಿಲ್ಲ.

ಹೆಸರಿನ ಕೊನೆಯ ಪದವನ್ನೂ ಗಮನಿಸಬೇಕು. ತಾಳಗುಂದದಲ್ಲಿ ಅವನು ‘ಶರ್ಮ’; ‘ವರ್ಮ’ ಬರುವುದು ಮಗ ಕಂಗವರ್ಮನಿಂದ. ತಂದೆಯನ್ನೂ ‘ಮಯೂರವರ್ಮ’ನಾಗಿಸಿದ್ದು ಮುಂದಿನ ತಲೆಮಾರುಗಳು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಯೂರಶರ್ಮನದೇ ಪ್ರಾಕೃತ ಶಾಸನವಿದೆ. ಅದರಲ್ಲಿ ಬರುವ ರಾಜ್ಯಗಳ ಪಟ್ಟಿಯ ಪಾಠದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ವಾದವಿಲ್ಲದೆ ಉಳಿದಿರುವುದು, ಅದು ಅವನ ಹೆಸರಿನೊಡನೆ ಒಂದು ಕೆರೆಯನ್ನು ಹೇಳುತ್ತದೆ ಎಂಬುದು.