ಬೀಜ ಒಡೆದ ಎತ್ತು ಹಸುವನ್ನು ಬೆನ್ನಟ್ಟುವದೇಕೆ?

ಶಿರಸಿ ತಾಲೂಕಿನ ಹುಲಗೋಳದಂಥ ಊರುಗಳಲ್ಲಿ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳು ಒಂದಕ್ಕೊಂದು ತಗಲಿಕೊಂಡಿರುವದರಿಂದ ನಾಲ್ಕಾರು ಮನೆಗಳ ದನಗಳು ಒಂದೇ ಬೆಟ್ಟದಲ್ಲಿ ಕೂಡಿ ಮೇಯುವವು. ಇಂಥಲ್ಲಿ ಒಬ್ಬರ ಎತ್ತು ಮತ್ತೊಬ್ಬರ ಕಡಸನ್ನು ಬೆನ್ನಟ್ಟಿ ಏರಿತೆಂದರೆ ವ್ಯಾಜ್ಯಕ್ಕೆ ಮೊದಲಾಗುವದು. ಎತ್ತೆಂದು ಹೇಳಿ ಹೋರಿಯನ್ನೇ ಮಾರಿದರೆಂದು ಕೊಂಡವನು ದೂರುವನು. ತಾನು ಬೀಜ ಒಡೆಸಿಯೇ ಕೊಟ್ಟೆನೆಂದು ಮಾರಿದವನು ಆಣೆ ಇಡುವನು. ಕಡಸು ಗಬ್ಬವಾದರಂತೂ ಅದರ ಯಜಮಾನನು ಮೂರನೆಯ ಪಕ್ಷವಾಗಿ ಬಂದು ನಿಲ್ಲುವನು. ಮಾತು ಊರ ಮುಖ್ಯಸ್ಥರ ಜಗಲಿಗೆ ಬಂದಾಗ ಯಾವುದನ್ನು ನೋಡಿ ನಿರ್ಣಯಿಸಬೇಕೆಂಬದನ್ನು ಇಲ್ಲಿ ವಿವರಿಸಿದೆ.

ಮೊಟ್ಟಮೊದಲು ತಿಳಿಯತಕ್ಕದ್ದೇನೆಂದರೆ, ಏರುವದೊಂದೇ ಹೋರಿತನಕ್ಕೆ ಸಾಕ್ಷಿಯಲ್ಲ. ಬೆದೆಗೆ ಬಂದ ಹಸುವಿನ ಮೇಲೆ ಬೇರೆ ಹಸುಗಳೂ ಏರುವದನ್ನು ದನ ಸಾಕಿದವರೆಲ್ಲರೂ ಕಂಡಿರುವರು. ಹಸುವಿಗೆ ವೃಷಣಗಳುಂಟೆಂದು ಯಾರೂ ಹೇಳುವದಿಲ್ಲ. ಎತ್ತಿನ ವಿಷಯದಲ್ಲಿ ಮಾತ್ರ ಆ ನ್ಯಾಯವನ್ನು ಮರೆಯುವೆವು.

ಗಂಡು ಪ್ರಾಣಿಯ ಬೆದೆ ಮುಖ್ಯವಾಗಿ ವೃಷಣಗಳಲ್ಲಿ ಹುಟ್ಟುವ ಟೆಸ್ಟೋಸ್ಟೆರೋನ್ ಎಂಬ ರಸದ ಪ್ರಭಾವದಿಂದುಂಟಾಗುವದು. ಬೀಜ ಒಡೆದ ಮೇಲೆ ಆ ರಸವು ಶೀಘ್ರವಾಗಿ ಇಳಿಯುವದಾದರೂ, ಆ ನಡವಳಿಕೆಯು ಮಿದುಳಿನಲ್ಲಿ ಹುಟ್ಟಿನಿಂದಲೆ ಸ್ವಲ್ಪಮಟ್ಟಿಗೆ ನೆಲೆಗೊಂಡಿರುವದು. ಹೋರಿಯಾಗಿ ತಿರುಗಿದ ಕಾಲದ ರೂಢಿಯೂ ಅದಕ್ಕೆ ಸೇರಬಹುದು. ಕುದುರೆಗಳಲ್ಲಿ ಇದನ್ನು ಹೆಚ್ಚು ವಿಚಾರಿಸಿದ್ದಾರೆ. 1985ರಲ್ಲಿ ಅಮೇರಿಕೆಯ ಪಶುವೈದ್ಯರು ಪ್ರಕಟಿಸಿದ ಅಭ್ಯಾಸದಂತೆ, ಬೀಜ ತೆಗೆದ ಕುದುರೆಗಳಲ್ಲಿ ನೂರಕ್ಕೆ 20ರಿಂದ 30ರಷ್ಟು ಗಂಡುಕುದುರೆಯ ಚಾಳಿಯನ್ನು ಉಳಿಸಿಕೊಂಡಿದ್ದವು. ಎಳೆಯದರಲ್ಲಿಯೇ ಬೀಜ ತೆಗೆದವುಗಳಲ್ಲಿಯೂ ಇದು ಕಂಡುಬಂದಿತು. ಆದಕಾರಣ ಬೇಗನೆ ಒಡೆಸಿದ ಮಾತ್ರಕ್ಕೆ ಎತ್ತು ಸಾಧುವಾಗಿಯೇ ಇರುವದೆಂದು ಯಾರೂ ಭರವಸೆ ಕೊಡಲಾಗದು. ಬೀಜಕ್ಕೆ ಅಂಟಿದ ಸುರುಳಿನಾಳದ ಚೂರು ಉಳಿದದ್ದರಿಂದ ಚಾಳಿ ಬಿಡಲಿಲ್ಲವೆಂಬ ಮಾತು ಕುದುರೆಯವರಲ್ಲಿ ಬಹಳ ಹಳೆಯದು. ಆ ನಾಳದಲ್ಲಿ ಈ ರಸವು ಹುಟ್ಟುವದೇ ಇಲ್ಲವಾದ್ದರಿಂದ ಅದು ನಿರಾಧಾರವಾದದ್ದು.

ಹಾಗಾದರೆ ನಿಜವಾಗಿಯೂ ಹೋರಿಯಾಗಿ ಉಳಿದದ್ದನ್ನು ಗುರುತಿಸುವದು ಹೇಗೆ? ಕೈಯಿಂದ ಮುಟ್ಟಿ ನೋಡಬೇಕು. ಎತ್ತನ್ನು ಕಂಬಕ್ಕೆ ಬಿಗಿದು, ಒಬ್ಬನು ಮೂಗುದಾರ ಹಿಡಿದಿರಲು, ಹಿಂದಿನಿಂದ ಚೀಲದ ಎರಡೂ ಬದಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು. ಬರ್ಡಿಜೊ ಇಕ್ಕಳದಿಂದ ಒಡೆದಲ್ಲಿ ಚೀಲ ಉಳಿದಿದ್ದರೂ ಒಳಗಿನ ಬೀಜವು ಕಾಲಕ್ರಮದಲ್ಲಿ ಬತ್ತಿ ಗಟ್ಟಿಯಾದ ಸಣ್ಣ ಗಂಟಿನಂತಾಗಿರುವದು. ಒಂದು ಬದಿಯಲ್ಲಿ ತುಂಬಿಕೊಂಡ, ಒತ್ತಿದರೆ ಪುಟಿಯುವ ಬೀಜ ಸಿಕ್ಕಿದರೆ ಆ ಬದಿಯ ನರವು ಇಕ್ಕಳಕ್ಕೆ ಸಿಗದೆ ಜಾರಿದೆಯೆಂದು ತಿಳಿಯಬೇಕು. ಕಲ್ಲು ಕೋಲುಗಳಿಂದ ಜಜ್ಜುವ ಹಳೆಯ ಪದ್ಧತಿಯಲ್ಲಿ ಹೀಗೆ ಅರ್ಧ ಉಳಿಯುವ ಸಂಭವವು ಹೆಚ್ಚು, ಪಶುವಿಗಾಗುವ ಹಿಂಸೆಯಂತೂ ಹೇಳತೀರದು. ಅರಿವಳಿಕೆ ಕೊಟ್ಟು ಇಕ್ಕಳ ಹಾಕುವ ಪಶುವೈದ್ಯರಿರುವಾಗ ಆ ಪದ್ಧತಿಯನ್ನು ಇನ್ನೂ ಹಿಡಿದಿರುವದಕ್ಕೆ ಕಾರಣವೇ ಇಲ್ಲ.

ಒಂದು ಬದಿಯಲ್ಲಿ ಬತ್ತಿದ ಗಂಟೂ ಇಲ್ಲ, ಕೊಯ್ದ ಕಲೆಯೂ ಇಲ್ಲವಾದರೆ, ಬೀಜವು ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ನಿಂತಿರಬಹುದು. ಅಂಥ ಬೀಜವು ಒಳಗಿನ ಕಾವಿನಿಂದ ವೀರ್ಯವನ್ನು ಬೆಳೆಸಲಾರದಾದರೂ ಬೆದೆಯ ರಸವನ್ನು ಸ್ರವಿಸುತ್ತಲೇ ಇರುವದು. ಪಶುವು ಹೋರಿಯಂತೆ ವರ್ತಿಸುವದು, ಗಬ್ಬ ಮಾತ್ರ ಕಟ್ಟಿಸಲಾರದು. ಇದು ವಿರಳ. ಸಂಶಯವಿದ್ದರೆ ಪಶುವೈದ್ಯರ ಮೂಲಕ ರಕ್ತದಲ್ಲಿನ ಟೆಸ್ಟೋಸ್ಟೆರೋನ್ ಪರೀಕ್ಷೆ ಮಾಡಿಸಬಹುದು.

ಮತ್ತೊಂದು ಸಂಗತಿಯನ್ನು ಎಷ್ಟೋ ಜನರು ಅಲಕ್ಷಿಸುವರು. ಬೀಜ ಒಡೆದ ದಿನವೇ ಹೋರಿಯು ಬಂಜೆಯಾಗುವದಿಲ್ಲ. ನಾಳಗಳಲ್ಲಿ ಮೊದಲೇ ನಿಂತ ವೀರ್ಯವು ಕೆಲವು ದಿನ ಉಳಿದಿರುವದರಿಂದ ಆರು ವಾರಗಳವರೆಗೆ ಅದನ್ನು ಹಸುಗಳ ಹಿಂಡಿಗೆ ಬಿಡಬಾರದು.

ಕಡಸು ಗಬ್ಬವಾದ ವ್ಯಾಜ್ಯದಲ್ಲಿ ದಿನಗಳ ಎಣಿಕೆಯೇ ಒಳ್ಳೆಯ ಸಾಕ್ಷಿ. ಹಸುವಿನ ಗರ್ಭಕಾಲವು ಸುಮಾರು 280 ದಿನ. ಕರು ಹಾಕಿದ ತಾರೀಖಿನಿಂದ ಹಿಂದಕ್ಕೆ ಎಣಿಸಿ, ಹತ್ತು ಹದಿನೈದು ದಿನ ಆಚೀಚೆ ಹಿಡಿದು, ಆ ಹೊತ್ತಿಗೆ ಎತ್ತು ಊರಿಗೆ ಬಂದಿತ್ತೇ, ಎಂದು ಅದರ ಬೀಜ ಒಡೆಸಿದ್ದರು ಎಂಬದನ್ನು ನೋಡಬೇಕು. ದೀಪಾವಳಿಯ ಮೇಲೆ ಹಾವೇರಿಯ ಸಂತೆಯಿಂದ ತಂದ ಎತ್ತು, ಬರುವ ಯುಗಾದಿಗೆ ಹುಟ್ಟಿದ ಕರುವಿಗೆ ತಂದೆಯಾಗಲಾರದು. ಇಷ್ಟು ಲೆಕ್ಕ ಹಾಕದೆ ದಂಡ ವಿಧಿಸುವದು ನ್ಯಾಯವಲ್ಲ. ಎಣಿಕೆಯಿಂದ ತೀರದಿದ್ದರೆ ಡಿಎನ್‌ಎ ಪರೀಕ್ಷೆಯಿಂದ ಕರುವಿನ ತಂದೆಯನ್ನು ಗೊತ್ತುಮಾಡಲಿಕ್ಕೆ ಬರುವದು. ಆದರೆ ಒಂದು ಕರುವಿನ ಸಲುವಾಗಿ ಆ ಖರ್ಚು ಹಿಡಿಸುವದೇ ಎಂಬದನ್ನು ಉಭಯ ಪಕ್ಷದವರೂ ಆಲೋಚಿಸಲಿ.

ಎತ್ತು ನಿಜವಾಗಿ ಎತ್ತೇ ಎಂದು ಸಿದ್ಧವಾದರೂ ನಿಷ್ಕಾಳಜಿಯಾಗಿರಬಾರದು. ನಮ್ಮ ಮಲೆನಾಡ ಗಿಡ್ಡ ಹಸುಗಳು ಬಹಳ ಹಗುರಾದವು. ಬಯಲುಸೀಮೆಯ ಖಿಲಾರಿ ಎತ್ತು ಅವುಗಳ ಮೂರು ಪಾಲು ತೂಗುವದು. ಮಳೆಗಾಲದಲ್ಲಿ ಜಾರುವ ಬೆಟ್ಟದ ಇಳಿಜಾರಿನಲ್ಲಿ ಅಂಥ ಭಾರ ಮೇಲೆ ಬಿದ್ದರೆ ಕಡಸಿನ ಸೊಂಟ ಇಲ್ಲವೆ ಕಾಲು ಮುರಿಯುವದು. ಚಾಳಿಯಿದ್ದ ಎತ್ತನ್ನು ಬೇರೆ ಕಟ್ಟಿ ಹುಲ್ಲು ಹಾಕುವದೇ ಯುಕ್ತ; ಮತ್ತೊಮ್ಮೆ ಬೀಜ ಒಡೆಸಿ ಉಪಯೋಗವಿಲ್ಲ, ಹೊಡೆದು ಬಡಿದೂ ಇಲ್ಲ.

ಈ ಚಾಳಿಯಿಂದ ಒಂದು ಪ್ರಯೋಜನವೂ ಉಂಟು. ಕೊಟ್ಟಿಗೆಯಲ್ಲಿ ಅಂಥ ಎತ್ತು ಯಾವ ಹಸುವಿನ ಕಡೆಗೆ ಮೂಗು ಚಾಚಿ ಮೇಲ್ದುಟಿ ಮಡಚುವದೋ ಆ ಹಸುವು ಬೆದೆಗೆ ಬಂದಿರುವ ಸಂಭವವುಂಟು. ಹಸುವಿನ ಬೆದೆ ಸುಮಾರು 21 ದಿನಗಳಿಗೊಮ್ಮೆ ಬಂದು 12ರಿಂದ 18 ತಾಸುಗಳಲ್ಲಿ ಇಳಿದುಹೋಗುವದು. ರಾತ್ರಿಯಲ್ಲಿ ಬಂದು ಹೋದದ್ದು ಯಜಮಾನನಿಗೆ ತಿಳಿಯುವದೇ ಇಲ್ಲ. ಎತ್ತು ಮುಂಜಾನೆ ಸೂಚನೆ ಕೊಟ್ಟರೆ ಅದೇ ಸಾಯಂಕಾಲಕ್ಕೆ, ಸಾಯಂಕಾಲ ಕೊಟ್ಟರೆ ಮರುದಿನ ಮುಂಜಾನೆಗೆ, ಪಶುವೈದ್ಯಶಾಲೆಯವರಿಂದ ಕೃತಕ ಗರ್ಭಧಾರಣೆ ಮಾಡಿಸತಕ್ಕದ್ದು.